ಅವರ ನೋವಿಗೆ ಇವರಿಟ್ಟ ಹೆಸರು

ನೋವು ಉಣ್ಣೋರು ಒಬ್ಬರು, ಅದಕ್ಕೆ ಹೆಸರಿಡೋರು ಇನ್ನೊಬ್ಬರು. ಕೇರಿಯಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅಮೆರಿಕಾದ ಲ್ಯಾಟಿನೋ ಜನರ ಸಂಕಟ ನಮಗೆ ದೂರದ್ದು ಅನ್ನಿಸೋದಿಲ್ಲ.

ಪೋರ್ಟೊರಿಕೋ ದ್ವೀಪವನ್ನು ಅಮೆರಿಕಾ 1898ರಲ್ಲಿ ಸ್ಪೇನಿನಿಂದ ಕಿತ್ತುಕೊಂಡಿತು. 1917ರಲ್ಲಿ ಅಲ್ಲಿಯವರಿಗೆ ಪೌರತ್ವ ಕೊಟ್ಟಿತು. ಅದೇ ವರ್ಷ ಸೈನ್ಯಕ್ಕೂ ಎಳೆದುಕೊಂಡಿತು. 1950ರ ದಶಕದಲ್ಲಿ ಆ ದ್ವೀಪದ ಸಿಪಾಯಿಗಳು ನಡುಗಿ, ಚೀರಿ, ಎಚ್ಚರ ತಪ್ಪಿ ಬಿದ್ದಾಗ ಸೇನೆಯ ವೈದ್ಯರು ಏನಂದರು? 'ಪೋರ್ಟೊರಿಕನ್ ಸಿಂಡ್ರೋಮ್'! ರೋಗಕ್ಕೆ ಒಂದು ಜನಾಂಗದ ಹೆಸರು. ಅವರನ್ನು ಆಳಿದವರ, ಯುದ್ಧಕ್ಕೆ ದೂಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಆ ಜನಕ್ಕೆ ತಮ್ಮದೇ ಮಾತಿತ್ತು. 'ಅತಾಕೆ ದೆ ನೆರ್ವಿಯೋಸ್' ಅಂತಾರೆ. ನರಗಳ ಮೇಲೆ ಬಿದ್ದ ದಾಳಿ. ಎದೆಯಲ್ಲೆದ್ದ ಕಾವು ನೆತ್ತಿಗೇರುತ್ತದೆ, ಅಳು ಕಟ್ಟೆಯೊಡೆಯುತ್ತದೆ. ಮನೆಯಲ್ಲಿ ಸಾವಾದಾಗ, ಸಂಸಾರ ಒಡೆದಾಗ ಬರೋದು ಇದು. 'ಸುಸ್ತೋ' ಅಂತ ಇನ್ನೊಂದಿದೆ. ನಮ್ಮ ಸುಸ್ತಲ್ಲ, ಬೆಚ್ಚಿಬಿದ್ದಾಗ ಜೀವವೇ ಮೈಬಿಟ್ಟು ಹೋಗೋದು. ಅಮೆರಿಕಾದ ಮನೋವೈದ್ಯರ ಕೈಪಿಡಿ ಈ ಮಾತುಗಳನ್ನು ಒಳಗೆ ಬಿಟ್ಟುಕೊಂಡದ್ದು 1994ರಲ್ಲಿ. ಅದೂ ಹಿಂಬದಿಯ ಒಂದು ಅನುಬಂಧದಲ್ಲಿ, ಊರ ಹೊರಗಿನ ಕೇರಿಯ ಹಾಗೆ.

ತಾಯಿಗೆ ಸ್ಪ್ಯಾನಿಷ್, ವೈದ್ಯನಿಗೆ ಇಂಗ್ಲಿಷ್. ನಡುವೆ ದುಭಾಷಿಯಾಗಿ ಹತ್ತು ವರ್ಷದ ಮಗ. ಗಂಡ ಹೊಡೆದದ್ದನ್ನು, ಸಾಯಬೇಕು ಅನ್ನಿಸಿದ್ದನ್ನು ಆಕೆ ಆ ಕೂಸಿನ ಬಾಯಲ್ಲಿ ಹೇಗೆ ಹೇಳಿಸ್ಯಾಳು?

ಈ ಜನ ಸುಮ್ಮನೆ ಕೂತಿರಲಿಲ್ಲ. 1969ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಲಿಂಕನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ಕೇಂದ್ರವನ್ನು ಅಲ್ಲಿನ ಕಪ್ಪು ಮತ್ತು ಪೋರ್ಟೊರಿಕನ್ ನೌಕರರೇ ಹಿಡಿದರು. 1970ರ ಜುಲೈ 14ರಂದು 'ಯಂಗ್ ಲಾರ್ಡ್ಸ್' ಯುವಕ ಯುವತಿಯರು ಆಸ್ಪತ್ರೆಗೇ ನುಗ್ಗಿ ಕೂತರು. ಇವರಿಗೆ ಮಾದರಿಯಾಗಿದ್ದವರು ಬ್ಲ್ಯಾಕ್ ಪ್ಯಾಂಥರರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ಹೆಸರು ಪಡೆದದ್ದೂ ಅವರಿಂದಲೇ. ಹಾಗಾಗಿ ಇವರು ನಮ್ಮ ದಾಯಾದಿಗಳೇ.

1980ರ ದಶಕದಲ್ಲಿ ನ್ಯೂಯಾರ್ಕಿನಲ್ಲೇ ಕೋಸ್ತಾಂತಿನೋ, ಮಾಲ್ಗಡಿ, ರಾಗ್ಲರ್ ಎಂಬ ಸಂಶೋಧಕರು ಪೋರ್ಟೊರಿಕೋದ ಜನಪದ ಕತೆಗಳನ್ನೇ ಮದ್ದಾಗಿಸಿದರು. ತಾಯಂದಿರನ್ನೂ ಜೊತೆಗೆ ಕೂಡಿಸಿ ಮಕ್ಕಳಿಗೆ ಕತೆ ಓದಿಸಿದರು. ಮಕ್ಕಳ ಆತಂಕ ಇಳಿಯಿತು. ಅಜ್ಜಿಯ ಕತೆಗೂ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು.

ಹಾಗಂತ ಸಂಸ್ಕೃತಿ ಅಂದಕೂಡಲೇ ಎಲ್ಲಕ್ಕೂ ಕೈಮುಗಿಯಬೇಕಿಲ್ಲ. 'ಸಹಿಸ್ಕೊ' ಅಂತ ಹೆಣ್ಣಿಗೂ, 'ಗಂಡಸು ಅಳಬಾರದು' ಅಂತ ಗಂಡಿಗೂ ಹೇಳಿಕೊಟ್ಟದ್ದು ಅದೇ ಸಂಸ್ಕೃತಿ. ಸಹಾಯ ಅನ್ನೋದು ಅವರ ನುಡಿಯಲ್ಲಿ ಮಾತಾಡಬೇಕು. ಆ ನುಡಿಯೊಳಗಿನ ಸಂಕೋಲೆಯನ್ನೂ ಕಾಣಬೇಕು.

ಗಾಯ ಎಲ್ಲಿಂದ ಬಂತು ಅಂತಲೂ ಕೇಳಬೇಕು. ಎಲ್ ಸಾಲ್ವಡಾರಿನ ಮನಶ್ಶಾಸ್ತ್ರಜ್ಞ, ಪಾದ್ರಿ ಇಗ್ನಾಸಿಯೋ ಮಾರ್ತಿನ್-ಬಾರೋ ಕೇಳಿದ್ದು ಅದನ್ನೇ. ಮನಸ್ಸು ಕೆಟ್ಟಿತು ಅನ್ನೋ ಮೊದಲು ಅದನ್ನು ಕೆಡಿಸಿದ ಸಮಾಜವನ್ನು ನೋಡಿ ಅಂದ. 1989ರ ನವೆಂಬರ್ 16ರಂದು ಅಲ್ಲಿನ ಸೈನ್ಯ ಅವನನ್ನು, ಜೊತೆಗೆ ಇನ್ನೂ ಏಳು ಜನರನ್ನು ಕೊಂದಿತು.

ಆ ಪ್ರಶ್ನೆ ಸತ್ತಿಲ್ಲ. ಆಸ್ಪತ್ರೆಗಳಲ್ಲಿ ವಲಸೆಗಾರರನ್ನು ಬಂಧಿಸದಂತೆ ತಡೆದಿದ್ದ ನಿಯಮವನ್ನು ಅಮೆರಿಕಾ ಸರ್ಕಾರ 2025ರ ಜನವರಿಯಲ್ಲಿ ತೆಗೆದುಹಾಕಿತು. ಬಾಗಿಲಲ್ಲಿ ಪೋಲೀಸು ನಿಂತಿರಬಹುದು ಅನ್ನೋ ಭಯವಿದ್ದರೆ ಒಳಗಿನ ವೈದ್ಯ ಎಷ್ಟು ಚೆಂದ ಸ್ಪ್ಯಾನಿಷ್ ಆಡಿದರೇನು? ಭಯ ಹುಟ್ಟಿಸೋ ವ್ಯವಸ್ಥೆಯನ್ನು ಹಾಗೇ ಬಿಟ್ಟು ಭಯಕ್ಕೆ ಮಾತ್ರೆ ಕೊಡೋದನ್ನು ನಾವು ಚಿಕಿತ್ಸೆ ಅಂತ ಒಪ್ಪೋದಿಲ್ಲ.