ಆಗುಂಬೆಯ ಘಾಟಿಯೂ ಮೋಟಾರಿನ ವಿಷಮಜ್ವರವೂ

ಸಹ್ಯಾದ್ರಿಯನ್ನು ಇಳಿದು ಕಡಲ ಸೀಮೆಯನ್ನು ಸೇರುವ ದಾರಿಗಳು ನಮ್ಮ ನಾಡಿನಲ್ಲಿ ಹಲವುಂಟು. ಅವುಗಳಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಯ ಮಾರ್ಗವಾಗಿ ಉಡುಪಿಗೆ ಹೋಗುವ ದಾರಿಯು ಚೆಲುವಿನಲ್ಲಿ ಯಾವುದಕ್ಕೂ ಕಡಮೆಯಾದುದಲ್ಲ; ಮೋಟಾರು ಗಾಡಿಯ ಸತ್ತ್ವವನ್ನು ಪರೀಕ್ಷಿಸುವುದರಲ್ಲಿಯಂತೂ ಅದರಷ್ಟು ನಿಷ್ಠುರವಾದ ಪರೀಕ್ಷಕನು ದುರ್ಲಭ. ಶಿವಮೊಗ್ಗೆಯನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹೊರಟರೆ ತೀರ್ಥಹಳ್ಳಿಯವರೆಗಿನ ಸುಮಾರು ೬೦ ಕಿಲೋಮೀಟರು ದಾರಿಯು ಬಹುಮಟ್ಟಿಗೆ ತುಂಗೆಯ ನೆರೆಯಲ್ಲಿಯೇ ಸಾಗುತ್ತದೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಬಿಡಾರ, ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಗೂಡುಕಟ್ಟುವ ಬೆಳ್ಳಕ್ಕಿಗಳು, ಇವನ್ನು ಒಂದೊಂದಾಗಿ ನೋಡುತ್ತ ಬಂದವನಿಗೆ ತೀರ್ಥಹಳ್ಳಿಯು ಬಂದುದೇ ತಿಳಿಯುವುದಿಲ್ಲ. ಪರಶುರಾಮನು ತನ್ನ ಕೊಡಲಿಯ ರಕ್ತದ ಕಲೆಯನ್ನು ತೊಳೆದುಕೊಂಡನೆಂದು ಪ್ರತೀತಿಯಿರುವ ತೀರ್ಥವು ಅಲ್ಲಿಯೇ ಉಂಟು; ಎಳ್ಳಮಾವಾಸ್ಯೆಯ ಜಾತ್ರೆಗೆ ಸುತ್ತಣ ಸೀಮೆಯ ಜನವೆಲ್ಲ ನೆರೆಯುತ್ತಾರೆ.

ಅಲ್ಲಿಂದ ಮುಂದೆ ತೋಟಗಳೂ ಗದ್ದೆಯ ಬಯಲುಗಳೂ ಕ್ರಮವಾಗಿ ಹಿಂದುಳಿದು ಕಾಡು ದಟ್ಟವಾಗುತ್ತದೆ. ಆಗುಂಬೆಯು ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮಿಕ್ಕ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿಯೇ ಕುಳಿತಿರುವ ಚಿಕ್ಕ ಊರು. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದರಿಂದ ಇದನ್ನು ದಕ್ಷಿಣದ ಚಿರಾಪುಂಜಿಯೆಂದು ಕರೆಯುವ ವಾಡಿಕೆಯುಂಟು. ಶಂಕರನಾಗರು ‘ಮಾಲ್ಗುಡಿ ಡೇಸ್’ ಕಥಾಮಾಲೆಯನ್ನು ೧೯೮೦ರ ದಶಕದಲ್ಲಿ ಚಿತ್ರೀಕರಿಸಿದ್ದು ಇಲ್ಲಿಯೇ; ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನ ಕೇಂದ್ರವನ್ನು ರೋಮುಲಸ್ ವಿಟೇಕರರು ೨೦೦೫ರಲ್ಲಿ ಸ್ಥಾಪಿಸಿದ್ದೂ ಇಲ್ಲಿಯೇ. ಊರನ್ನು ದಾಟಿದೊಡನೆ ಸೂರ್ಯಾಸ್ತವನ್ನು ನೋಡುವ ಕಟ್ಟೆ. ಅದರಾಚೆಗೆ ನೆಲವೇ ಕುಸಿದಂತೆ ಘಾಟಿಯು ಇಳಿಯತೊಡಗುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳನ್ನು ಸುತ್ತಿ ಕೆಳಗಿನ ಸೋಮೇಶ್ವರವನ್ನು ಮುಟ್ಟಬೇಕು. ಭಾರಿ ಲಾರಿಗಳಿಗೆ ಈ ದಾರಿಯಲ್ಲಿ ಎಡೆಯಿಲ್ಲ. ಸಣ್ಣ ಬಸ್ಸುಗಳೂ ಕಾರುಗಳೂ ಒಂದಕ್ಕೊಂದು ದಾರಿಬಿಟ್ಟುಕೊಂಡು ಹತ್ತಿಳಿಯುತ್ತವೆ. ಇಂತಹ ತಿರುವಿನಲ್ಲಿ, ಹತ್ತುವ ಗಾಡಿಯು ನಡುದಾರಿಯಲ್ಲಿ ಶಕ್ತಿಗುಂದಿ ನಿಂತರೆ ಅದು ಕೇವಲ ತೊಂದರೆಯಲ್ಲ, ಅಪಾಯ.

೨೦೨೪ರ ಮಾಘಮಾಸದಲ್ಲಿ ನಾವು ಈ ದಾರಿಯನ್ನು ಹಿಡಿದುದು ವಿನೋದಕ್ಕಾಗಿ ಅಲ್ಲ. ನಮ್ಮ ಅಕ್ಕನಿಗೆ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಪೊರೆಯನ್ನು ತೆಗೆಸಬೇಕಾಗಿದ್ದಿತು. ಭಾವನವರು ತೀರ್ಥಹಳ್ಳಿಯ ಸಮೀಪದ ಗ್ರಾಮದಲ್ಲಿ ಅಡಿಕೆಯ ತೋಟವುಳ್ಳ ಗೃಹಸ್ಥರು; ಅವರ ಮನೆಯಲ್ಲಿ ಕಾರ್ಬುರೇಟರಿನ ಕಾಲದ ಹಳೆಯ ಪೆಟ್ರೋಲು ಕಾರೊಂದುಂಟು. ಅದಕ್ಕೆ ಮೂರು ತಿಂಗಳಿಂದ ಒಂದು ವಿಚಿತ್ರವಾದ ರೋಗವು ಅಂಟಿಕೊಂಡಿದ್ದಿತು. ಸಮನೆಲದಲ್ಲಿ ಸೊಗಸಾಗಿ ಓಡುವುದು; ಏರು ಬಂದಾಗ ಕೆಲವೊಮ್ಮೆ ಏದುಸಿರು ಬಿಟ್ಟು, ಮುಗ್ಗರಿಸಿ, ಇಂಜಿನ್ನು ಆರಿಹೋಗುವುದು. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುವುದು. ಒಂದು ಗ್ಯಾರೇಜಿನವರು ಕಾರ್ಬುರೇಟರನ್ನು ಬಿಚ್ಚಿ ತೊಳೆದರು. ಮತ್ತೊಬ್ಬರು ಪೆಟ್ರೋಲು ಪಂಪನ್ನು ಬದಲಿಸಿದರು. ಮೂರನೆಯವರು ಕಾಯಿಲನ್ನು ಹೊಸದಾಗಿ ಹಾಕಿದರು. ಪ್ರತಿಸಲವೂ ನಾಲ್ಕು ದಿನ ಗುಣವಾದಂತೆ ತೋರಿ ಐದನೆಯ ದಿನ ಅದೇ ಪಾಡು.

ಕಾರಣವು ತಿಳಿಯದ ಕಡೆ ಅಪವಾದವು ಬೇಗ ಹುಟ್ಟುತ್ತದೆ. ಗಾಡಿಯನ್ನು ನಡೆಸುವ ಹುಡುಗನು ಪೆಟ್ರೋಲನ್ನು ತೆಗೆದು ಸೀಮೆಎಣ್ಣೆಯನ್ನು ಬೆರೆಸುತ್ತಾನೆಂದು ಯಾರೋ ಆಡಿದ ಮಾತು ಭಾವನವರ ಕಿವಿಗೆ ಬಿದ್ದಿತ್ತು. ಅಕ್ಕನ ಕಣ್ಣಿನ ಕಾರ್ಯವು ಮುಗಿದೊಡನೆ ಗಾಡಿಯನ್ನು ಬಂದ ಬೆಲೆಗೆ ಮಾರಿ ಹುಡುಗನಿಗೆ ಲೆಕ್ಕವನ್ನು ತೀರಿಸಿಬಿಡುವುದೆಂದು ಅವರು ನಿಶ್ಚಯಿಸಿದ್ದರು. ಹುಡುಗನಿಗೆ ಇದು ತಿಳಿಯದೆ ಇರಲಿಲ್ಲ. ಮನೆಯಲ್ಲಿ ಮುದಿ ತಾಯಿ, ಓದುವ ತಂಗಿ. ಈ ಸಂಬಳವೇ ಆಧಾರ.

ಹೋಗುವಾಗ ಘಾಟಿಯನ್ನು ಇಳಿದುದರಿಂದ ಏನೂ ತೊಡಕಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಹಸಿರು ಪಟ್ಟಿಯನ್ನು ಕಣ್ಣಿಗೆ ಇಳಿಬಿಟ್ಟುಕೊಂಡಿದ್ದ ಅಕ್ಕನನ್ನು ಹಿಂದಿನ ಆಸನದಲ್ಲಿ ಕುಳ್ಳಿರಿಸಿಕೊಂಡು ಹೊರಟೆವು. ಕಣ್ಣಿಗೆ ಧೂಳು ಸೋಕಕೂಡದು, ಮೈ ಕುಲುಕಕೂಡದು ಎಂದು ವೈದ್ಯರು ಎಚ್ಚರಿಕೆ ಹೇಳಿ ಕಳುಹಿದ್ದರು. ಉಡುಪಿಯಲ್ಲಿ ಟ್ಯಾಂಕನ್ನು ತುಂಬಿಸಿ, ಹೆಬ್ರಿಯನ್ನೂ ಸೀತಾನದಿಯ ಕಾಡನ್ನೂ ದಾಟಿ, ಸೋಮೇಶ್ವರವನ್ನು ಬಿಟ್ಟು ನಾಲ್ಕು ತಿರುವು ಏರುವಷ್ಟರಲ್ಲಿ ಗಾಡಿಯು ಎಂದಿನಂತೆ ಕೆಮ್ಮತೊಡಗಿತು. ಹುಡುಗನು ದಾರಿಯ ಅಗಲವಾದ ಕಡೆ ಒತ್ತರಿಸಿ ನಿಲ್ಲಿಸಿ, ಗಾಲಿಗಳ ಹಿಂದೆ ಕಲ್ಲಿಟ್ಟನು.

ಆಯುರ್ವೇದದಲ್ಲಿ ವಿಷಮಜ್ವರವೆಂದು ಒಂದುಂಟು. ಅದು ಒಂದು ದಿನ ಬಂದು ಒಂದು ದಿನ ಬಿಡುವುದು, ಅಥವಾ ನಾಲ್ಕನೆಯ ದಿನ ಬರುವುದು. ಬಿಟ್ಟ ದಿನ ರೋಗಿಯು ಆರೋಗ್ಯವಂತನಂತೆಯೇ ತೋರುತ್ತಾನೆ. ಅಂದು ನಾಡಿ ನೋಡಿದ ವೈದ್ಯನಿಗೆ ಏನು ಸಿಕ್ಕೀತು? ಆದುದರಿಂದ ಶಾಸ್ತ್ರಕಾರರು ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಿದರು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂದರೆ ಯಾವ ಉಪಚಾರದಿಂದ ರೋಗವು ಶಮಿಸುತ್ತದೆಂದು ನೋಡಿ ಅದರ ಮೂಲವನ್ನು ಊಹಿಸುವುದು. ಗಾಡಿಯ ರೋಗವು ನಮ್ಮ ಕಣ್ಣೆದುರಿಗೇ ಏರಿದ್ದ ಆ ಗಳಿಗೆಯೇ ಪರೀಕ್ಷೆಗೆ ತಕ್ಕ ಗಳಿಗೆಯಾಗಿತ್ತು.

ಹುಡುಗನು ವಾಡಿಕೆಯಂತೆ ಒದ್ದೆಯ ಬಟ್ಟೆಯನ್ನು ಪೆಟ್ರೋಲು ಪಂಪಿನ ಮೇಲೆ ಹೊದಿಸಿದನು. ಹಳೆಯ ಗಾಡಿಗಳಲ್ಲಿ ಇಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ, ಪಂಪು ದ್ರವವನ್ನು ಬಿಟ್ಟು ಆವಿಯನ್ನು ಎಳೆಯುವುದುಂಟು. ಆಗ ತಣ್ಣನೆಯ ಬಟ್ಟೆಯೇ ಔಷಧ. ಹತ್ತು ನಿಮಿಷ ಕಳೆದ ಮೇಲೆ ಗಾಡಿಯು ಹೊರಟಿತು. ಮೂರು ತಿರುವು ಏರಿದ ಮೇಲೆ ಮತ್ತೆ ನಿಂತಿತು. ಈ ಸಲ ಬಟ್ಟೆಯನ್ನು ಹಾಕಬೇಡವೆಂದು ನಾನು ಹೇಳಿ, ಗಡಿಯಾರವನ್ನು ನೋಡುತ್ತ ಸುಮ್ಮನೆ ಕುಳಿತೆವು. ಅದೇ ಹತ್ತು ನಿಮಿಷಕ್ಕೆ ಗಾಡಿಯು ಅದೇ ರೀತಿ ಹೊರಟಿತು. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವೇ ಬಟ್ಟೆಗೂ ಗುಣವಾದುದಕ್ಕೂ ಇದ್ದಿತೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

“ಈ ಪೀಡೆ ಯಾವ ದಿನ ಬೇಗ ಬರುತ್ತದೆ, ಯಾವ ದಿನ ತಡವಾಗಿ ಬರುತ್ತದೆ? ನೀನು ಕಂಡದ್ದನ್ನು ಹೇಳು” ಎಂದು ಕೇಳಿದೆನು.

ಅವನು ಸ್ವಲ್ಪ ಸಂಕೋಚಪಟ್ಟು, “ಹೇಳಿದರೆ ಯಾರೂ ನಂಬುವುದಿಲ್ಲ ಮೇಷ್ಟ್ರೇ. ಟ್ಯಾಂಕು ತುಂಬಿಸಿದ ದಿನವೇ ಬೇಗ ಬರುತ್ತದೆ. ಕಾಲು ಟ್ಯಾಂಕು ಇದ್ದಾಗ ಘಾಟಿಯನ್ನೇ ಹತ್ತಿಬಿಟ್ಟದ್ದುಂಟು. ಹೊಟ್ಟೆ ತುಂಬಿದವನು ಹಸಿವೆಯಿಂದ ಬೀಳುತ್ತಾನೆಯೇ ಎಂದು ಗ್ಯಾರೇಜಿನಲ್ಲಿ ನಕ್ಕರು” ಎಂದನು.

“ಇದು ಮೊದಲಾದುದು ಎಂದಿನಿಂದ?”

“ದೀಪಾವಳಿಯಿಂದ ಈಚೆಗೆ.”

“ಅದಕ್ಕೆ ಮುಂಚೆ ಗಾಡಿಗೆ ಹೊಸದಾಗಿ ಏನು ಮಾಡಿಸಿದಿರಿ?”

“ಏನೂ ಇಲ್ಲ ಮೇಷ್ಟ್ರೇ. ಟ್ಯಾಂಕಿನ ಮುಚ್ಚಳ ಬಂಕಿನಲ್ಲಿ ಕಳೆದುಹೋಗಿತ್ತು. ಬೇರೆ ತಂದು ಹಾಕಿದೆ, ಅಷ್ಟೆ.”

ಹಿಂದೆ ಕುಳಿತಿದ್ದ ಅಕ್ಕ, “ತಮ್ಮಾ, ಎಳನೀರಿಗೆ ಒಂದೇ ತೂತು ಮಾಡಿದರೆ ನೀರು ಇಳಿಯುತ್ತದೆಯೇನೋ?” ಎಂದಳು.

ಸಂಪ್ರಾಪ್ತಿಯೆಲ್ಲ ಆ ಒಂದು ಮಾತಿನಲ್ಲಿದ್ದಿತು. ಎಣ್ಣೆಯ ಡಬ್ಬವನ್ನು ತೆರೆಯುವಾಗ ಅಂಗಡಿಯವನು ಎದುರುಬದುರಾಗಿ ಎರಡು ರಂಧ್ರಗಳನ್ನು ಹೊಡೆಯುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಒಂದರಲ್ಲಿ ಎಣ್ಣೆಯು ಹೊರಬರಬೇಕು, ಮತ್ತೊಂದರಲ್ಲಿ ಗಾಳಿಯು ಒಳಹೋಗಬೇಕು. ಹಳೆಯ ಕಾರಿನ ಟ್ಯಾಂಕಿಗೂ ಹೀಗೆಯೇ ಉಸಿರಾಟದ ದಾರಿ ಬೇಕು; ಅನೇಕ ಗಾಡಿಗಳಲ್ಲಿ ಅದು ಮುಚ್ಚಳದಲ್ಲಿಯೇ ಇರುವ ಸಣ್ಣ ರಂಧ್ರ. ಆ ದಾರಿಯು ಮುಚ್ಚಿಹೋದರೆ, ಪೆಟ್ರೋಲು ಖರ್ಚಾದಂತೆಲ್ಲ ಒಳಗಿನ ಗಾಳಿಯ ಒತ್ತಡವು ತಗ್ಗುತ್ತದೆ. ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ಟ್ಯಾಂಕು ತುಂಬಿದ್ದಾಗ ಮೇಲೆ ಉಳಿಯುವ ಗಾಳಿಯು ಅತ್ಯಲ್ಪ. ಒಂದೆರಡು ಲೀಟರು ಹೋದೊಡನೆಯೇ ಒತ್ತಡವು ಬಹಳ ಇಳಿಯುತ್ತದೆ. ಟ್ಯಾಂಕಿನಲ್ಲಿ ಕಾಲುಪಾಲು ಮಾತ್ರ ಉಳಿದಿದ್ದರೆ ಗಾಳಿಯು ಧಾರಾಳವಾಗಿರುವುದರಿಂದ ಅಷ್ಟು ಬೇಗ ಕೊರತೆಯಾಗುವುದಿಲ್ಲ. ಹುಡುಗನು ಕಂಡುದು ಸತ್ಯವೇ ಆಗಿದ್ದಿತು. ಇಳಿಜಾರಿನಲ್ಲಿ ಇಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಡ. ಏರಿನಲ್ಲಿ ಬಹಳ ಬೇಕು. ನಿಂತು ಕಾದರೆ ಮುಚ್ಚಳದ ಸಂದಿನಿಂದ ಅಷ್ಟಷ್ಟಾಗಿ ಗಾಳಿಯು ನುಸುಳಿ ಒಳಗೆ ಸರಿದೂಗುತ್ತದೆ. ಹೀಗೆ ಎಲ್ಲ ಲಕ್ಷಣಗಳೂ ಒಂದೇ ಸೂತ್ರದಲ್ಲಿ ಕೋದಂತಾದುವು.

ಆದರೆ ಊಹೆಯು ಎಷ್ಟು ಚೆಂದವಾದರೂ ಪ್ರಮಾಣವಾಗದು. ಮೂರನೆಯ ಸಲ ಗಾಡಿಯು ನಿಂತಾಗ, ಇಂಜಿನ್ನು ಕಾದಿದ್ದಂತೆಯೇ, ಬಟ್ಟೆಯನ್ನೂ ಹಾಕದೆ, ಒಂದು ನಿಮಿಷವೂ ಕಾಯದೆ, ಮುಚ್ಚಳವನ್ನು ಮಾತ್ರ ಸಡಿಲಿಸಲು ಹೇಳಿದೆನು. ‘ಸುಯ್’ ಎಂದು ಗಾಳಿಯು ಒಳಕ್ಕೆ ಸೇದಿಕೊಂಡುದು ನಮಗೆಲ್ಲರಿಗೂ ಕೇಳಿಸಿತು. ಬಿಸಿಲಿಗೆ ಕಾದ ಟ್ಯಾಂಕಿನಿಂದ ಆವಿಯು ಹೊರಕ್ಕೆ ಬರುವುದು ಸಹಜ; ಒಳಕ್ಕೆ ಇಷ್ಟು ಬಲವಾಗಿ ಸೇದುವುದು ಮಾತ್ರ ಸಹಜವಲ್ಲ. ಮುಚ್ಚಳವನ್ನು ಮತ್ತೆ ಬಿಗಿದು ಕೀಲಿ ತಿರುವಿದೊಡನೆ ಇಂಜಿನ್ನು ಗರ್ಜಿಸಿ ಹೊರಟಿತು. ತುಂಬಿದ ಟ್ಯಾಂಕಿನ ಮುಚ್ಚಳವನ್ನು ಏರಿನಲ್ಲಿ ತೆರೆದಿಟ್ಟುಕೊಂಡು ಹೋಗುವುದು ಬೆಂಕಿಯೊಡನೆ ಸರಸ. ಆದಕಾರಣ ಎರಡೆರಡು ತಿರುವಿಗೊಮ್ಮೆ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿ ಮುಂದೆ ಸಾಗಿದೆವು. ಆಮೇಲೆ ಒಮ್ಮೆಯೂ ಗಾಡಿಯು ತಾನಾಗಿ ನಿಲ್ಲಲಿಲ್ಲ. ಆಗುಂಬೆಯ ಕಟ್ಟೆಯನ್ನು ಮುಟ್ಟಿದಾಗ ಸೂರ್ಯನು ಕಡಲಿನ ಮೇಲಣ ಮಬ್ಬಿನಲ್ಲಿ ಕೆಂಪಗೆ ಇಳಿಯುತ್ತಿದ್ದನು. ಅಕ್ಕ ಕಣ್ಣು ಮುಚ್ಚಿಯೇ, “ಹೇಗಿದೆ ಹೇಳಪ್ಪ” ಎಂದು ಕೇಳಿ ಹುಡುಗನ ಬಾಯಿಂದ ವರ್ಣನೆಯನ್ನು ಹೇಳಿಸಿದಳು.

ಒಂದರಿಂದ ಇನ್ನೊಂದು ಉಂಟಾಗುವುದನ್ನು ಕಂಡರೆ ಅನ್ವಯ. ಅದಿಲ್ಲದಿರೆ ಇದೂ ಇಲ್ಲವೆಂಬುದನ್ನು ಕಂಡರೆ ವ್ಯತಿರೇಕ. ಎರಡೂ ಕೂಡಿದ ಹೊರತು ನೈಯಾಯಿಕನು ತೃಪ್ತನಾಗನು. ವಾರದ ಮೇಲೆ ಆ ಗಾಡಿಗೆ ತಕ್ಕ ಉಸಿರುರಂಧ್ರದ ಮುಚ್ಚಳವನ್ನು ತರಿಸಿ, ಟ್ಯಾಂಕನ್ನು ತುಂಬಿಸಿ, ಭಾವನವರನ್ನೇ ಕುಳ್ಳಿರಿಸಿಕೊಂಡು ಘಾಟಿಯನ್ನು ಇಳಿದು ಹತ್ತಿದೆವು. ಗಾಡಿಯು ಎಲ್ಲಿಯೂ ತಡವರಿಸಲಿಲ್ಲ. ಮತ್ತೆ ಇಳಿದು, ರಂಧ್ರವಿಲ್ಲದ ಮುಚ್ಚಳವನ್ನು ಹಾಕಿ ಹತ್ತಿದೆವು. ಐದನೆಯ ತಿರುವಿನಲ್ಲಿ ನಿಂತಿತು. ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಹುಡುಗನನ್ನು ಕರೆದು, ಗಾಡಿಯನ್ನು ಮಾರುವುದಿಲ್ಲವೆಂದೂ ಬರುವ ತಿಂಗಳಿಂದ ಸಂಬಳವನ್ನು ಏರಿಸುವೆನೆಂದೂ ಹೇಳಿದರು.

ಮೂರು ಗ್ಯಾರೇಜಿನವರಿಗೆ ಇದು ಸಿಕ್ಕದೆ ಹೋದುದೇಕೆ ಎಂದು ವಾಚಕರು ಕೇಳಬಹುದು. ಅವರೇನೂ ಅಜ್ಞರಲ್ಲ. ಗಾಡಿಯು ಅವರ ಬಳಿಗೆ ಬಂದುದು ರೋಗವಿಲ್ಲದ ವೇಳೆಯಲ್ಲಿ, ಪಟ್ಟಣದ ಸಮನೆಲದಲ್ಲಿ. ಅದಕ್ಕೂ ಹೆಚ್ಚಾಗಿ, ಪೆಟ್ರೋಲಿನಲ್ಲಿ ಕೊಳೆಯಿದೆಯೇ ನೀರಿದೆಯೇ ಎಂದು ಪ್ರತಿಯೊಬ್ಬರೂ ಮೊದಲು ಮುಚ್ಚಳವನ್ನು ತೆರೆದು ನೋಡಿದರು; ತೆರೆದೊಡನೆ ರೋಗವು ಹೊರಟುಹೋಯಿತು! ಪರೀಕ್ಷೆಯೇ ಚಿಕಿತ್ಸೆಯಾಗಿ, ಚಿಕಿತ್ಸೆಯೇ ಸಾಕ್ಷ್ಯವನ್ನು ಅಳಿಸಿದುದು ಹೀಗೆ.

ಈಚಿನ ಕಾರುಗಳ ರಚನೆ ಬೇರೆ. ಅವುಗಳಲ್ಲಿ ಪೆಟ್ರೋಲಿನ ಆವಿಯು ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಪಂಪು ಟ್ಯಾಂಕಿನೊಳಗೇ ಇರುತ್ತದೆ. ಅಂತಹ ಗಾಡಿಯ ಮುಚ್ಚಳಕ್ಕೆ ಯಾರೂ ತೂತು ಕೊರೆಯತಕ್ಕದ್ದಲ್ಲ. ಅಲ್ಲಿ ಶಕ್ತಿಗುಂದುವುದಕ್ಕೆ ಕಟ್ಟಿಕೊಂಡ ಫಿಲ್ಟರು, ಸೋತ ಪಂಪು, ಕಾದಾಗ ಕೆಡುವ ಕಾಯಿಲು ಅಥವಾ ಸೆನ್ಸರು, ಹೊಗೆಕೊಳವೆಯಲ್ಲಿ ಮುಚ್ಚಿಹೋದ ಕ್ಯಾಟಲಿಟಿಕ್ ಕನ್ವರ್ಟರು, ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು. ಗಾಡಿಯ ಕಂಪ್ಯೂಟರು ದೋಷದ ಸಂಕೇತವನ್ನು ಬರೆದಿಡುವುದರಿಂದ ಸ್ಕ್ಯಾನರಿನಲ್ಲಿ ಅದನ್ನು ಓದಬಹುದು. ಆದರೆ ಸಂಕೇತವು ಸಾಕ್ಷಿಯ ಹೇಳಿಕೆ ಮಾತ್ರ, ತೀರ್ಪಲ್ಲ; ಸೆನ್ಸರಿನ ಹೆಸರು ಬಂದಮಾತ್ರಕ್ಕೆ ಸೆನ್ಸರೇ ಕೆಟ್ಟಿದೆಯೆಂದು ತಿಳಿಯಬಾರದು.

ಆದಕಾರಣ ಇಂತಹ ಗಾಡಿಯುಳ್ಳ ಗೃಹಸ್ಥರು ಅದರಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಇಟ್ಟಿರಲಿ. ದೋಷವು ಬಂದಾಗಲೆಲ್ಲ ಏರೋ ಇಳಿಜಾರೋ, ಬಿಸಿಲೋ ತಂಪೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಹೊರಟು ಎಷ್ಟು ಹೊತ್ತಾಗಿತ್ತು, ಅದಕ್ಕೆ ಮುಂಚೆ ಏನನ್ನು ಬದಲಿಸಿತ್ತು ಎಂಬುದನ್ನು ಬರೆದಿಡಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಲಿ. ಗಾಡಿಯನ್ನು ದಿನವೂ ನಡೆಸುವವನು ಹೇಳುವ ಮಾತು ಎಷ್ಟೇ ಅಸಂಬದ್ಧವಾಗಿ ತೋರಿದರೂ ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೆಕ್ಯಾನಿಕ್ಕಿನ ಕೈಗೆ ಗಾಡಿಯ ಕೀಲಿಯೊಡನೆ ಆ ಪುಸ್ತಕವನ್ನೂ ಕೊಡಲಿ.