ಕಾಣೆಯಾದ ಡಿಎಲ್‌ಎಲ್ಲು

ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಕಂಪ್ಯೂಟರು ಮುನಿಸಿಕೊಳ್ಳುವುದು ಹರಾಜಿನ ದಿನವೇ. ವರ್ಷದ ಹತ್ತಿರಹತ್ತಿರ ಕಾಯಿಯನ್ನು ಅಟ್ಟದ ಮೇಲೆ ಒಣಗಲು ಬಿಟ್ಟು ಕಾದ ರೈತ, ಬಿಲ್ಲಿಗಾಗಿ ಅರ್ಧ ಗಂಟೆ ಕಾಯಲು ಒಪ್ಪುವುದಿಲ್ಲ. ಗುಮಾಸ್ತ ನನಗೆ ಫೋನು ಹಚ್ಚುತ್ತಾನೆ: “ಅಣ್ಣಾ, ಅದೇನೋ ಡಿಎಲ್‌ಎಲ್ ಇಲ್ವಂತೆ. ನೆನ್ನೆ ಇತ್ತಲ್ಲಣ್ಣ!”

ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಫೈಲು. ನಮ್ಮಲ್ಲಿ ತೋಟಕ್ಕೊಬ್ಬ ಕಾಯಿ ಕೆಡವುವವನನ್ನು ಯಾರೂ ಸಂಬಳಕ್ಕಿಟ್ಟುಕೊಳ್ಳುವುದಿಲ್ಲ, ಊರಿಗೆಲ್ಲ ಒಬ್ಬನೇ. ಅವನು ತುರುವೇಕೆರೆಗೆ ನೆಂಟರ ಮದುವೆಗೆ ಹೋದನೋ, ಎಲ್ಲರ ಕಾಯೂ ಮರದಲ್ಲೇ. 1985ರ ಮೊದಲ ವಿಂಡೋಸ್ 256 ಕಿಲೋಬೈಟ್ ಮೆಮೊರಿಯಲ್ಲಿ ಸಂಸಾರ ತೂಗಿಸಬೇಕಿತ್ತು, ಹಂಚಿಕೊಳ್ಳದೆ ಗತಿಯಿರಲಿಲ್ಲ. ತೊಂಬತ್ತರ ದಶಕದಲ್ಲಂತೂ ಹೊಸದಾಗಿ ಹಾಕಿದ ಪ್ರೋಗ್ರಾಮು ತನ್ನ ಹಳೇ ಡಿಎಲ್‌ಎಲ್ ಅನ್ನು ಇದ್ದ ಹೊಸದರ ಮೇಲೆ ಹೇರಿ, ಪಕ್ಕದ ಪ್ರೋಗ್ರಾಮನ್ನು ಮಲಗಿಸುತ್ತಿತ್ತು. ಕಂಪ್ಯೂಟರಿನವರು ಅದಕ್ಕೆ ‘ಡಿಎಲ್‌ಎಲ್ ನರಕ’ ಎಂದೇ ಹೆಸರಿಟ್ಟರು.

ಈಗ ಹೆಚ್ಚಾಗಿ ಕಾಣೆಯಾಗುವುದು ‘ವಿಸಿರನ್‌ಟೈಮ್140’, ಇಲ್ಲವೇ ಅದರ ಜೊತೆಗಾರ ‘ಎಂಎಸ್‌ವಿಸಿಪಿ140’. ಇವು ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ಪರಿವಾರದವು. ಒಂದೊಂದನ್ನೇ ಹುಡುಕಬೇಕಿಲ್ಲ. ‘ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಎಂಬ ಕಂತೆ ಕಂಪನಿಯ ತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ: ಎಕ್ಸ್86, ಎಕ್ಸ್64. ಮಿಷನ್ನು 64 ಬಿಟ್ಟಿನದೆಂದು ಎರಡನೆಯದನ್ನಷ್ಟೇ ಹಾಕಿ, “ಹಾಕಿದ್ರೂ ಅದೇ ಹಾಡು” ಎನ್ನುವವರೇ ಹೆಚ್ಚು. ಮಂಡಿಯ ಲೆಕ್ಕದ ಪ್ರೋಗ್ರಾಮು ಹಳೇ 32 ಬಿಟ್ಟಿನದಾದರೆ ಅದಕ್ಕೆ ಎಕ್ಸ್86 ಬೇಕೇ ಬೇಕು. ಎರಡನ್ನೂ ಹಾಕಿಬಿಡುವುದು ಕ್ಷೇಮ.

ಇನ್ನೊಂದು ತಮಾಷೆಯೂ ಉಂಟು. 64 ಬಿಟ್ಟಿನ ವಿಂಡೋಸಿನಲ್ಲಿ 64 ಬಿಟ್ಟಿನ ಫೈಲುಗಳು ಇರುವುದು ‘ಸಿಸ್ಟಮ್32’ರಲ್ಲಿ, 32 ಬಿಟ್ಟಿನವು ‘ಸಿಸ್‌ವಾವ್64’ರಲ್ಲಿ! ಹಳೇ ಪ್ರೋಗ್ರಾಮುಗಳು ಕೆಡದಿರಲೆಂದು ಹಳೇ ಹೆಸರನ್ನೇ ಉಳಿಸಿಕೊಂಡರಂತೆ. ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ.

ಚಿಕ್ಕನಾಯಕನಹಳ್ಳಿಯ ಜೆರಾಕ್ಸ್ ಅಂಗಡಿಯ ಹುಡುಗನೊಬ್ಬ ಎಲ್ಲಿಂದಲೋ ಒಂದು ಡಿಎಲ್‌ಎಲ್ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಸಿಸ್ಟಮ್32ಕ್ಕೆ ತುರುಕಿದ್ದ. ಆ ದೂರು ನಿಂತಿತು, ಮರುದಿನ ಇನ್ನೊಂದು ಡಿಎಲ್‌ಎಲ್ ಕಾಣೆ. ಬಿಡಿ ಡಿಎಲ್‌ಎಲ್ ಹಂಚುವ ತಾಣಗಳಿಂದ ಏನನ್ನೂ ತರಬಾರದು. ಅದು ಯಾವ ಕಾಲದ್ದೋ, ಒಳಗೆ ವೈರಸ್ಸು ಕೂತಿದೆಯೋ, ಬಲ್ಲವರಾರು? ಕೆಲವೊಮ್ಮೆ ಆಂಟಿವೈರಸ್ಸೇ ಅನುಮಾನಪಟ್ಟು ಫೈಲನ್ನು ಕೂಡಿಹಾಕಿರುತ್ತದೆ, ಮೊದಲು ಅದು ಕೂಡಿಹಾಕಿದವುಗಳ ಪಟ್ಟಿಯಲ್ಲಿ ಇಣುಕಿ. ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಎಂಬ ಅಪ್ಪಣೆಯನ್ನು ಸರ್ವರೋಗಕ್ಕೂ ಮದ್ದೆಂದು ಹೇಳುವವರಿದ್ದಾರೆ. ಅದು ರಿಪೇರಿ ಮಾಡುವುದು ವಿಂಡೋಸಿನ ಸ್ವಂತ ಫೈಲುಗಳನ್ನಷ್ಟೇ. ಪ್ರೋಗ್ರಾಮನ್ನೇ ತೆಗೆದು ಮತ್ತೆ ಹಾಕಿದರೆ ಎಷ್ಟೋ ಸಲ ಬೇಕಾದ ಕಂತೆಯೂ ಅದರ ಜೊತೆಯಲ್ಲೇ ಬರುತ್ತದೆ. ಆದರೆ ಅದಕ್ಕೆ ಮೊದಲು ಲೆಕ್ಕದ ಬ್ಯಾಕಪ್ ತೆಗೆದಿಡಿ.

ಹಾಗೆಯೇ ನನ್ನದೊಂದು ಕೋರಿಕೆ: ಫೋನು ಮಾಡುವವರು ಗಾಬರಿಯಲ್ಲಿ ಓಕೆ ಒತ್ತುವ ಮುಂಚೆ ಆ ಫೈಲಿನ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.