ತಿರುಗುವ ಗುಡಿಗೆ ದೀಪ

ಹೂವಿನ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಕಲ್ಲೇಶ್ವರ ಗುಡಿಯನ್ನು ನೋಡದೆ ಬೆಳೆದ ಮಕ್ಕಳಿಲ್ಲ. 11ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎದ್ದ ಗುಡಿ ಅದು. ಆ ಊರಿನ ಹೈಸ್ಕೂಲು ಹುಡುಗನೊಬ್ಬ ಶಾಲೆಯ ವಸ್ತುಪ್ರದರ್ಶನಕ್ಕೆಂದು ಅದನ್ನು ರಟ್ಟಿನಲ್ಲಿ ಕಟ್ಟಿದ. ನಾಲ್ಕು ದಿಕ್ಕಿನಿಂದಲೂ ಕಾಣಲೆಂದು ತಿರುಗುವ ಹಲಗೆಯ ಮೇಲೆ ಕೂರಿಸಿ, ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿದ. ಸ್ವಿಚ್ ಒತ್ತಿದೊಡನೆ ಗುಡಿ ಬೆಳಗಿತು, ನಿಮಿಷಕ್ಕೆ 5 ಸುತ್ತಿನಂತೆ ತಿರುಗಿತು. ನಾಲ್ಕೇ ನಿಮಿಷ! ತಂತಿ ಹಗ್ಗದಂತೆ ಹುರಿಗೊಂಡು ಕಿತ್ತು ಬಂತು. ದೀಪ ಆರಿತು.

"ಯಪ್ಪಾ, ವೈರ್ ಸುತ್ಕೊಂತೈತಿ. ಏನ್ ಮಾಡ್ಲಿ?" ಎಂದ ಹುಡುಗ.

"ತಿರುಗಿಸೋದು ಬ್ಯಾಡ. ಹಂಗ ಇಡು" ಎಂದರು ತಂದೆ.

ಆ 'ಬ್ಯಾಡ'ದ ಹಿಂದೆ ಒಂದು ಕಥೆಯಿತ್ತು. ಹರೆಯದಲ್ಲಿ ಅವರು ದೀಪಾಲಂಕಾರದವರ ಜೊತೆ ಮೈಲಾರ, ಕೊಟ್ಟೂರಿನ ಜಾತ್ರೆಗಳಿಗೆ ಹೋಗುತ್ತಿದ್ದವರು. ದೇವರ ಪಟದ ಹಿಂದೆ ತಿರುಗುವ ಚಕ್ರಕ್ಕೆ 15 ವಾಟಿನ 40 ಬಲ್ಬು ಎಂದರೆ 600 ವಾಟ್. 230 ವೋಲ್ಟ್ ನೇರವಾಗಿ ಚಕ್ರಕ್ಕೇ ಏರುತ್ತಿತ್ತು. ಒಮ್ಮೆ ಮಳೆ ಹನಿದ ರಾತ್ರಿ ಅದರ ತೆರೆದ ಹಿತ್ತಾಳೆ ಉಂಗುರಕ್ಕೆ ಕೈ ತಗುಲಿತು. ಜೀವ ಉಳಿಯಿತು. ಎಡಗೈಯ ಒಂದು ಬೆರಳು ಮಾತ್ರ ಇಂದಿಗೂ ಮಡಚುವುದಿಲ್ಲ.

ಮೌನ ಮುರಿದವರು ತಾಯಿ: "ಮಿಕ್ಸಿಯೊಳಗ ತಿರುಗೋದಕ್ಕ ಕರೆಂಟ್ ಹೋಗೂದಿಲ್ಲೇನು? ಅದರ ವೈರ್ ಯಾಕ ಸುತ್ಕೊಳ್ಳೋದಿಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಮಿಕ್ಸಿಯಲ್ಲಿ ನಿಂತ ಕಾರ್ಬನ್ ತುಂಡು ತಿರುಗುವ ತಾಮ್ರಕ್ಕೆ ಒತ್ತಿಕೊಂಡು ವಿದ್ಯುತ್ತನ್ನು ದಾಟಿಸುತ್ತದೆ. ಅದೇ ತತ್ವದ ಇನ್ನೊಂದು ರೂಪವೇ ಸ್ಲಿಪ್ ರಿಂಗ್, ಅಂದರೆ ಜಾರುಂಗುರ. ವಿದ್ಯುಜ್ಜನಕದ ಪಾಠದಲ್ಲಿ ವಿದ್ಯಾರ್ಥಿಗಳು ಚಿತ್ರ ಬರೆದು ಅಂಕ ಪಡೆಯುವ ಉಂಗುರವೇ ಇದು. ಉಂಗುರ ತಿರುಗುತ್ತದೆ, ಅದಕ್ಕೆ ಒರಗಿದ ಬ್ರಷ್ ನಿಂತಿರುತ್ತದೆ. ಒಂದೊಂದು ತಂತಿಗೂ ಒಂದೊಂದು ಉಂಗುರ. ಎಷ್ಟು ಸುತ್ತಿದರೂ ತಂತಿ ಹುರಿಗೊಳ್ಳದು.

ಇಂದು ಹೆಬ್ಬೆರಳಿನಷ್ಟು ದಪ್ಪದ ಡಬ್ಬಿಯಲ್ಲಿ 6 ತಂತಿಯ ಜಾರುಂಗುರ ಸಿಗುತ್ತದೆ. ಆದರೆ ಯಾವುದನ್ನು ಕೊಳ್ಳಬೇಕು? ಬಹುತೇಕರು ಬೆಲೆ ನೋಡುತ್ತಾರೆ. ತಂದೆ ಬೇರೆಯದನ್ನೇ ಕೇಳಿದರು: "ನಿನ್ನ ದೀಪ ಎಷ್ಟು ಕರೆಂಟ್ ತಗೊಂತೈತಿ, ಮೊದ್ಲು ಲೆಕ್ಕ ಮಾಡು."

ಹುಡುಗ ಲೆಕ್ಕಕ್ಕೆ ಕುಳಿತ. ಅವನ ಪಟ್ಟಿ 12 ವೋಲ್ಟಿನದು, ಮೀಟರಿಗೆ ಸುಮಾರು 14 ವಾಟ್, ಅಂದರೆ 1.2 ಆಂಪಿಯರ್. ಪಟ್ಟಿಯ ಉದ್ದ 3 ಮೀಟರ್; ಒಟ್ಟು 3.6 ಆಂಪಿಯರ್. ಸಣ್ಣ ಜಾರುಂಗುರದ ಒಂದು ತಂತಿ ತಾಳುವುದು 2 ಆಂಪಿಯರ್ ಮಾತ್ರ. ಎಲ್ಲವನ್ನೂ ಒಂದೇ ಜೋಡಿಗೆ ಕಟ್ಟಿದರೆ ಬ್ರಷ್ ಕಾದು ಕರಕಾಗುತ್ತದೆ. ದೊಡ್ಡದನ್ನು ಕೊಳ್ಳಬೇಕೆ? ಬೇಕಾಗಲಿಲ್ಲ. ಪಟ್ಟಿಯನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಜೋಡಿ ತಂತಿ ಕೊಟ್ಟರಾಯಿತು. ಆಗ ಪ್ರತಿ ತಂತಿಯಲ್ಲೂ 1.2 ಆಂಪಿಯರ್ ಮಾತ್ರ.

ಲೆಕ್ಕ ಸರಿಬಂದ ಮೇಲೆ ತಂದೆ ಮೂರು ಕರಾರು ಹಾಕಿದರು. ಮೊದಲನೆಯದು, 230 ವೋಲ್ಟ್ ಕೆಳಗಿನ ಅಡಾಪ್ಟರಿನಲ್ಲೇ ನಿಲ್ಲಬೇಕು. ತಿರುಗುವ ಭಾಗಕ್ಕೆ ಏರುವುದು 12 ವೋಲ್ಟ್ ಮಾತ್ರ. ಎರಡನೆಯದು, ಗುಡಿಯ ಭಾರವನ್ನು ಬೇರಿಂಗ್ ಹೊರಬೇಕೇ ಹೊರತು ಜಾರುಂಗುರವಲ್ಲ. ಅದರ ಮೈಯನ್ನು ಬಿಗಿಯಾಗಿ ಸ್ಕ್ರೂ ಹಾಕದೆ, ಜೊತೆಗೆ ತಿರುಗದಷ್ಟು ಮಾತ್ರ ತಡೆದು ನಿಲ್ಲಿಸಬೇಕು. ಇಲ್ಲವಾದರೆ ಒಳಗಿನ ಬ್ರಷ್ ಬೇಗ ಸವೆಯುತ್ತದೆ. ಮೂರನೆಯದು, ಅಡಾಪ್ಟರಿನ ಮುಂದೆ ಒಂದು ಫ್ಯೂಸ್. ಬಯಲಿನಲ್ಲಿ ಇಡುವುದಾದರೆ ಧೂಳು, ನೀರು ಹೊಗದಂತೆ ಮುಚ್ಚಿದ ಜಾತಿಯದೇ ಬೇಕೆಂದೂ ಹೇಳಿದರು. ಪಾದರಸ ತುಂಬಿದ ಜಾತಿಯದೂ ಉಂಟು. ಅದರಲ್ಲಿ ಬ್ರಷ್ಷಿನ ಸವೆತವಿಲ್ಲ. ಆದರೆ ಪಾದರಸ ವಿಷ. ಮಕ್ಕಳ ಕೈಗೆ ಅದು ಸಲ್ಲದು.

ಜಾರುಂಗುರ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ದೀಪವನ್ನು ನಡುವಿನ ನಿಂತ ಕಂಬದ ಮೇಲಿಟ್ಟು ಹೊರಗಿನ ಗೂಡನ್ನಷ್ಟೇ ತಿರುಗಿಸಬಹುದು. ಇಲ್ಲವೇ ಹಲಗೆಯ ಮೇಲೆಯೇ ಬ್ಯಾಟರಿ ಕೂರಿಸಬಹುದು. ಹುಡುಗನಿಗೆ ಇಡೀ ದಿನ ಉರಿಯುವ ದೀಪ ಬೇಕಿತ್ತು, ಗುಡಿಯೊಳಗೆ ಅಷ್ಟು ದೊಡ್ಡ ಬ್ಯಾಟರಿಗೆ ಜಾಗವಿರಲಿಲ್ಲ. ಹಾಗಾಗಿ ಜಾರುಂಗುರವೇ ಬಂತು.

ಪ್ರದರ್ಶನದ ಹಿಂದಿನ ಸಂಜೆ 5 ಗಂಟೆಗೆ ಗುಡಿ ತಿರುಗತೊಡಗಿತು. ಊಟವಾಯಿತು, ಊರು ಮಲಗಿತು. ತಂದೆ ಮಾತ್ರ ಗೋಡೆಗೆ ಒರಗಿ ನೋಡುತ್ತಲೇ ಇದ್ದರು. ರಾತ್ರಿ 11ಕ್ಕೆ 1,800 ಸುತ್ತುಗಳಾಗಿದ್ದವು. ಎದ್ದು ಬಂದು ಸ್ವಿಚ್ ಆರಿಸಿ, ಆ ಮಡಚದ ಬೆರಳನ್ನು ಜಾರುಂಗುರದ ಮೈಗೆ ತಾಗಿಸಿದರು. ಬಿಸಿಯಿರಲಿಲ್ಲ.

"ಒಯ್ಯಿ" ಎಂದರು.